ಮನೆ ಆಧಾರಿತ ಶ್ವಾಸಕೋಶ ಪುನಶ್ಚೇತನ: ಶಿವಮೊಗ್ಗ ಮತ್ತು ಭದ್ರಾವತಿ

ದೀರ್ಘಕಾಲದ ಶ್ವಾಸಕೋಶ ರೋಗ ಇರುವವರಿಗೆ ಅವರ ಮನೆಯಲ್ಲೇ, ಆರೋಗ್ಯ ಸಿಬ್ಬಂದಿಯ ನಿಗಾದಲ್ಲಿ, ಕೆಲವು ವಾರಗಳ ಕಾಲ ನಡೆಸುವ ವ್ಯಾಯಾಮ ಮತ್ತು ತರಬೇತಿಯ ಕ್ರಮಕ್ಕೆ ಮನೆ ಆಧಾರಿತ ಶ್ವಾಸಕೋಶ ಪುನಶ್ಚೇತನ ಎಂದು ಹೆಸರು. ನಡಿಗೆ, ಸ್ನಾಯುಬಲದ ವ್ಯಾಯಾಮ, ಉಸಿರಾಟದ ಹತೋಟಿ, ಕಫ ಹೊರಹಾಕುವ ವಿಧಾನ, ಔಷಧದ ಸರಿಯಾದ ಬಳಕೆ, ಆಹಾರ ಮತ್ತು ಹೊಗೆಯಿಂದ ದೂರವಿರುವ ಉಪಾಯಗಳು ಇದರ ಅಂಗಗಳು. ಹಾಳಾದ ಶ್ವಾಸಕೋಶವನ್ನು ಇದು ಮೊದಲಿನಂತೆ ಮಾಡುವುದಿಲ್ಲ. ಉಳಿದಿರುವ ಉಸಿರಿನಲ್ಲಿ ಹೆಚ್ಚು ಕೆಲಸ ಮಾಡುವ ಶಕ್ತಿಯನ್ನು ದೇಹಕ್ಕೆ ಮರಳಿ ಕೊಡುವುದು ಇದರ ಗುರಿ.

ಉಸಿರಾಟದ ಕೊಳವೆಗಳು ಕಿರಿದಾಗುವ ಸಿಒಪಿಡಿ ಇದರ ಮುಖ್ಯ ಕ್ಷೇತ್ರ. ದೀರ್ಘಕಾಲದ ಆಸ್ತಮಾ, ಶ್ವಾಸನಾಳಗಳು ಹಿಗ್ಗಿ ಕಫ ತುಂಬುವ ಬ್ರಾಂಕಿಯೆಕ್ಟಾಸಿಸ್, ಕ್ಷಯ ವಾಸಿಯಾದ ಮೇಲೆ ಉಳಿಯುವ ಶ್ವಾಸಕೋಶದ ಊನ, ಧೂಳಿನಿಂದ ಬರುವ ಸಿಲಿಕೋಸಿಸ್ ಹಾಗೂ ಶ್ವಾಸಕೋಶ ಗಟ್ಟಿಯಾಗುವ ಇತರ ಕಾಯಿಲೆಗಳಲ್ಲೂ ಇದು ಉಪಯುಕ್ತ. ಜನರ ಮಾತಿನಲ್ಲಿ ಇವೆಲ್ಲ ‘ದಮ್ಮು’, ‘ಉಬ್ಬಸ’, ‘ಗೂರಲು’ ಎಂಬ ಎರಡು ಮೂರು ಹೆಸರುಗಳಲ್ಲಿ ಸೇರಿಹೋಗುತ್ತವೆ. ಚಿಕಿತ್ಸೆಯ ವಿವರ ಮಾತ್ರ ಕಾಯಿಲೆಯಿಂದ ಕಾಯಿಲೆಗೆ ಬದಲಾಗುತ್ತದೆ.

ಏದುಸಿರಿನ ಸುಳಿ

ಪುನಶ್ಚೇತನದ ತಳಹದಿ ಒಂದು ಸರಳ ಗಮನಿಕೆ. ಸಿಒಪಿಡಿ ರೋಗಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ಅವರು ಮೆಟ್ಟಿಲು ಹತ್ತುವುದನ್ನು ಬಿಡುತ್ತಾರೆ. ಆಮೇಲೆ ಸಂತೆಗೆ ಹೋಗುವುದು ನಿಲ್ಲುತ್ತದೆ, ಕೊನೆಗೆ ಸ್ನಾನಕ್ಕೂ ಇನ್ನೊಬ್ಬರ ನೆರವು ಬೇಕಾಗುತ್ತದೆ. ‘ಆಯಾಸ ಮಾಡ್ಕೋಬೇಡಿ, ಸುಮ್ನೆ ಕೂತ್ಕೊಳ್ಳಿ’ ಎಂದು ಮನೆಯವರು ಪ್ರೀತಿಯಿಂದ ಹೇಳುವ ಮಾತು ಈ ಇಳಿಜಾರನ್ನು ಇನ್ನಷ್ಟು ಕಡಿದಾಗಿಸುತ್ತದೆ. ಬಳಕೆಯಿಲ್ಲದ ತೊಡೆಯ ಸ್ನಾಯುಗಳು ಕರಗುತ್ತವೆ. ಬಲಗುಂದಿದ ಸ್ನಾಯು ಸ್ವಲ್ಪ ಕೆಲಸಕ್ಕೇ ಲ್ಯಾಕ್ಟಿಕ್ ಆಮ್ಲವನ್ನು ಹೆಚ್ಚಾಗಿ ಬಿಡುಗಡೆ ಮಾಡುತ್ತದೆ. ಅದನ್ನು ಸರಿದೂಗಿಸಲು ಉಸಿರಾಟದ ವೇಗ ಏರುತ್ತದೆ. ಕಿರಿದಾದ ಕೊಳವೆಗಳಿಂದ ಗಾಳಿ ಪೂರ್ತಿ ಹೊರಬೀಳುವ ಮೊದಲೇ ಮುಂದಿನ ಉಸಿರು ಒಳಗೆ ಬರುತ್ತದೆ. ಎದೆಯಲ್ಲಿ ಗಾಳಿ ಸಿಕ್ಕಿಕೊಂಡು ದಮ್ಮು ಹೆಚ್ಚುತ್ತದೆ. ಅಂದರೆ ಏದುಸಿರಿನ ಒಂದು ಪಾಲು ಶ್ವಾಸಕೋಶದ್ದಾದರೆ ಇನ್ನೊಂದು ಪಾಲು ಕಾಲಿನದು. ಶ್ವಾಸಕೋಶದ ಪಾಲನ್ನು ಔಷಧ ತಗ್ಗಿಸಬಲ್ಲದು. ಕಾಲಿನ ಪಾಲಿಗೆ ವ್ಯಾಯಾಮವೇ ಔಷಧ.

ಚಾರಿತ್ರಿಕ ಹಿನ್ನೆಲೆ

ಶ್ವಾಸಕೋಶ ರೋಗಿ ಹಾಸಿಗೆ ಬಿಡಬಾರದು ಎಂಬ ನಂಬಿಕೆ ವೈದ್ಯರಲ್ಲೂ ಬಹುಕಾಲ ಇತ್ತು. ಅಮೆರಿಕದ ಡೆನ್ವರ್ ನಗರದ ವೈದ್ಯ ಚಾರ್ಲ್ಸ್ ಡೆನಿಸನ್ 1895ರಲ್ಲೇ ಇಂಥ ರೋಗಿಗಳ ವ್ಯಾಯಾಮ ಮತ್ತು ಆಹಾರ ಕುರಿತು ಪುಸ್ತಕ ಪ್ರಕಟಿಸಿದ್ದರೂ ಅದು ರೂಢಿಯಾಗಲಿಲ್ಲ. 1950ರ ದಶಕದಲ್ಲಿ ಆಲ್ವನ್ ಬರಾಕ್ ಆಮ್ಲಜನಕದ ನೆರವಿನಿಂದ ರೋಗಿಗಳನ್ನು ನಡೆಸಬಹುದೆಂದು ವಾದಿಸಿದರು. 1960ರ ದಶಕದಲ್ಲಿ ಡೆನ್ವರ್‌ನಲ್ಲೇ ಥಾಮಸ್ ಪೆಟ್ಟಿ ಹೊರರೋಗಿಗಳಿಗೆ ವ್ಯವಸ್ಥಿತ ಕಾರ್ಯಕ್ರಮ ಕಟ್ಟಿದರು. 1974ರಲ್ಲಿ ಅಮೆರಿಕದ ಎದೆರೋಗ ವೈದ್ಯರ ಸಂಘ ಪುನಶ್ಚೇತನಕ್ಕೆ ಮೊದಲ ಅಧಿಕೃತ ವ್ಯಾಖ್ಯೆ ಕೊಟ್ಟಿತು. 2013ರಲ್ಲಿ ಅಮೆರಿಕ ಮತ್ತು ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳು ಸೇರಿ ಹೊರಡಿಸಿದ ಹೇಳಿಕೆ ವ್ಯಾಯಾಮದ ಜೊತೆಗೆ ರೋಗಿಯ ನಡವಳಿಕೆಯ ಬದಲಾವಣೆಯನ್ನೂ ವ್ಯಾಖ್ಯೆಯೊಳಗೆ ತಂದಿತು.

ಈ ಕಾರ್ಯಕ್ರಮಗಳೆಲ್ಲ ಮೊದಲಿಗೆ ಆಸ್ಪತ್ರೆಗಳಲ್ಲಿ, ಟ್ರೆಡ್‌ಮಿಲ್ ಮತ್ತು ಸೈಕಲ್ ಯಂತ್ರಗಳ ಸುತ್ತ ಬೆಳೆದವು. ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಬರಬೇಕಾದ ಕಾರಣ ಸೇರಿದವರಲ್ಲಿ ಬಹಳ ಮಂದಿ ಅರ್ಧಕ್ಕೇ ಬಿಟ್ಟರು. ಮನೆಯಲ್ಲೇ ಮಾಡಿಸುವ ಕ್ರಮ ಈ ಕೊರತೆಗೆ ಉತ್ತರವಾಗಿ ಬಂತು. 2020ರ ಕೋವಿಡ್ ಕಾಲದಲ್ಲಿ ಕೇಂದ್ರಗಳು ಮುಚ್ಚಿದಾಗ ಅದು ಅನಿವಾರ್ಯವೂ ಆಯಿತು.

ಭಾರತದಲ್ಲಿ ರೋಗದ ಹೊರೆ

ಜಾಗತಿಕ ರೋಗಹೊರೆ ಅಧ್ಯಯನದ ಭಾಗವಾಗಿ 2018ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಭಾರತದಲ್ಲಿ ಸಿಒಪಿಡಿ ಇರುವವರ ಸಂಖ್ಯೆ 1990ರಲ್ಲಿ 2.81 ಕೋಟಿ ಇದ್ದದ್ದು 2016ಕ್ಕೆ 5.53 ಕೋಟಿಯಾಗಿತ್ತು. ದೀರ್ಘಕಾಲದ ಉಸಿರಾಟ ರೋಗಗಳಿಂದ 2016ರಲ್ಲಿ ಜಗತ್ತು ಕಳೆದುಕೊಂಡ ಆರೋಗ್ಯವಂತ ವರ್ಷಗಳಲ್ಲಿ ಶೇ 32 ಭಾರತದ ಪಾಲಾಗಿತ್ತು. ಇದೇ ಲೆಕ್ಕದಲ್ಲಿ ಸಿಒಪಿಡಿಯ ಹೊರೆಗೆ ವಾಯುಮಾಲಿನ್ಯದ ಕೊಡುಗೆ ಶೇ 53.7, ತಂಬಾಕಿನದು ಶೇ 25.4, ಕೆಲಸದ ಸ್ಥಳದ ಧೂಳು–ಹೊಗೆಯದು ಶೇ 16.5. ಬೀಡಿ ಸಿಗರೇಟು ಮುಟ್ಟದ ಮಹಿಳೆಯರಲ್ಲೂ ಈ ಕಾಯಿಲೆ ಕಾಣುವುದು ಇದರಿಂದ ಅರ್ಥವಾಗುತ್ತದೆ. ಬ್ರಾಂಕಿಯೆಕ್ಟಾಸಿಸ್ ವಿಷಯದಲ್ಲೂ ಭಾರತದ ಚಿತ್ರ ಬೇರೆ: 2,195 ರೋಗಿಗಳ ದಾಖಲಾತಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ವರದಿಯಲ್ಲಿ ಅದಕ್ಕೆ ಅತಿ ಸಾಮಾನ್ಯ ಕಾರಣವಾಗಿ ಕಂಡದ್ದು ಹಿಂದೆ ಬಂದುಹೋದ ಕ್ಷಯ.

ಶಿವಮೊಗ್ಗ ಮತ್ತು ಭದ್ರಾವತಿಯ ಪರಿಸರ

ತುಂಗಾ ದಂಡೆಯ ಶಿವಮೊಗ್ಗ ಮತ್ತು ಭದ್ರಾ ದಂಡೆಯ ಭದ್ರಾವತಿ ಸುಮಾರು 18 ಕಿಲೋಮೀಟರ್ ಅಂತರದ ಜೋಡಿ ನಗರಗಳು. ಭದ್ರಾವತಿಯ ಬೆಳವಣಿಗೆಗೆ ಕೈಗಾರಿಕೆಯೇ ಕಾರಣ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ 1918ರಲ್ಲಿ ಆರಂಭಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಅದರ ಕುಲುಮೆ ಆರಂಭದಲ್ಲಿ ಉರಿದದ್ದು ಮಲೆನಾಡಿನ ಕಾಡುಗಳಿಂದ ಬಂದ ಮರದ ಇದ್ದಿಲಿನಿಂದ. ಮುಂದೆ ವಿಐಎಸ್‌ಎಲ್ ಆಗಿ ಹೆಸರಾದ ಈ ಕಾರ್ಖಾನೆಯೂ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯೂ ಹಲವು ತಲೆಮಾರುಗಳಿಗೆ ಅನ್ನ ಕೊಟ್ಟವು. ಕಾಗದ ಕಾರ್ಖಾನೆ 2010ರ ದಶಕದಲ್ಲಿ ನಿಂತಿತು. ವಿಐಎಸ್‌ಎಲ್ ಅನ್ನು ಮುಚ್ಚುವ ನಿರ್ಧಾರವನ್ನು ಅದರ ಒಡೆತನ ಹೊಂದಿದ ಭಾರತೀಯ ಉಕ್ಕು ಪ್ರಾಧಿಕಾರ 2023ರ ಜನವರಿಯಲ್ಲಿ ಪ್ರಕಟಿಸಿದಾಗ ಊರಿನಲ್ಲಿ ಹೋರಾಟ ನಡೆಯಿತು. ಕುಲುಮೆ ತಣ್ಣಗಾದರೂ ಅಲ್ಲಿ ದುಡಿದವರ ಎದೆಯೊಳಗಿನ ಧೂಳು ಉಳಿದೇ ಇರುತ್ತದೆ. ಸಿಲಿಕೋಸಿಸ್ ಸಾಮಾನ್ಯವಾಗಿ ಧೂಳಿನ ಸಂಪರ್ಕ ಶುರುವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ ಕಾಣಿಸಿಕೊಳ್ಳುತ್ತದೆ, ಕೆಲಸ ಬಿಟ್ಟ ಮೇಲೂ ಮುಂದುವರಿಯಬಹುದು. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿ ಅದನ್ನು ಸೂಚನೆ ಕೊಡಲೇಬೇಕಾದ ರೋಗಗಳಲ್ಲಿ ಸೇರಿಸಿತ್ತು.

ಎರಡು ನಗರಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಲ್ಲಿ ಅಚ್ಚಿಗೆ ಬಳಸುವ ಮರಳು, ಶಿವಮೊಗ್ಗ ಹೊರವಲಯದ ಕಲ್ಲು ಕ್ವಾರಿ ಮತ್ತು ಕ್ರಷರ್‌ಗಳ ಪುಡಿ, ಅಕ್ಕಿ ಗಿರಣಿಯ ತೌಡು, ಬಿ.ಎಚ್. ರಸ್ತೆಯ ವಾಹನಗಳ ಹೊಗೆ ಇವೂ ಲೆಕ್ಕಕ್ಕೆ ಬರುತ್ತವೆ. ಮಲೆನಾಡಿನ ಅಂಚಿನ ಈ ಊರುಗಳಲ್ಲಿ ಅಡಿಕೆ ಸುಲಿದು ಬೇಯಿಸುವ ಕಾಲದಲ್ಲಿ ದೊಡ್ಡ ಒಲೆಗಳು ದಿನವಿಡೀ ಉರಿಯುತ್ತವೆ. ಒಣ ಅಡಿಕೆ ಸಿಪ್ಪೆಗೆ ಬೆಂಕಿ ಹಚ್ಚಿದರೆ ಹೊಗೆ ಗಂಟೆಗಟ್ಟಲೆ ನೆಲದ ಮಟ್ಟದಲ್ಲೇ ಸುಳಿದಾಡುತ್ತದೆ.

ಮನೆಯೊಳಗಿನ ಹೊಗೆಯ ಮೂಲ ಅಡುಗೆ ಒಲೆಯೊಂದೇ ಅಲ್ಲ. ಗ್ಯಾಸ್ ಬಂದು ವರ್ಷಗಳಾದ ಮನೆಗಳಲ್ಲೂ ಬಚ್ಚಲ ಹಂಡೆಯ ಕೆಳಗೆ ಸೌದೆ, ತೆಂಗಿನ ಮಟ್ಟೆ, ಅಡಿಕೆ ಹಾಳೆ ಉರಿಯುತ್ತಿರುತ್ತದೆ. ಗೋಡೆಗೆ ಮಸಿ ಹಿಡಿದ, ಕಿಟಕಿ ಎಂಬುದು ಒಂದು ಅಡಿ ಅಗಲದ ಕಿಂಡಿಯಾದ ಬಚ್ಚಲುಮನೆಯಲ್ಲಿ ಒಲೆಗೆ ಊದುವ ಹೆಂಗಸು ಪ್ರತಿದಿನ ಅರ್ಧ ಗಂಟೆ ಹೊಗೆ ಕುಡಿಯುತ್ತಾಳೆ. ಬಿಸಿನೀರು ಸಿದ್ಧವಾದ ಮೇಲೆ ಅದೇ ಹೊಗೆ ತುಂಬಿದ ಕೋಣೆಯಲ್ಲಿ ದಮ್ಮಿನ ರೋಗಿ ಸ್ನಾನಕ್ಕೆ ಕೂರುತ್ತಾರೆ. ‘ಮನೆಯಲ್ಲಿ ಅಡುಗೆಗೆ ಏನು ಬಳಸುತ್ತೀರಿ’ ಎಂದಷ್ಟೇ ಕೇಳುವ ಪ್ರಶ್ನಾವಳಿಗೆ ಈ ಹೊಗೆ ಸಿಗುವುದಿಲ್ಲ. ಮನೆಗೇ ಹೋಗಿ ನೋಡುವ ಪುನಶ್ಚೇತನಕ್ಕೆ ಆಸ್ಪತ್ರೆಯ ಕಾರ್ಯಕ್ರಮಕ್ಕಿಲ್ಲದ ಅನುಕೂಲ ಇಲ್ಲಿದೆ: ರೋಗದ ಕಾರಣ ಕಣ್ಣೆದುರೇ ಇರುತ್ತದೆ.

ಚಿಕಿತ್ಸಾ ಸೌಲಭ್ಯಗಳ ಕೇಂದ್ರ ಶಿವಮೊಗ್ಗ. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಅಂದರೆ ಸಿಮ್ಸ್‌ಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆ ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆ. ಸುತ್ತಲ ತಾಲ್ಲೂಕುಗಳಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿಗೇನೂ ಕೊರತೆಯಿಲ್ಲ. ಆದರೆ ನೂರು ಹೆಜ್ಜೆಗೆ ನಿಲ್ಲುವವರಿಗೆ ಪೇಪರ್ ಟೌನ್ ಅಥವಾ ಜನ್ನಾಪುರದ ಮನೆಯಿಂದ ಹೊರಟು, ಬಸ್ಸಿನಲ್ಲಿ ನಿಂತು ಜೋತು, ಮತ್ತೆ ಆಟೊ ಹಿಡಿದು ವಾರಕ್ಕೆ ಎರಡು ಸಲ ಎಂಟು ವಾರ ಬರುವುದು ಆಗದ ಮಾತು. ಜೊತೆಗೆ ಬರುವವರ ಅಂದಿನ ಕೂಲಿಯೂ ಹೋಗುತ್ತದೆ. ಹೀಗಾಗಿ ಪರೀಕ್ಷೆಗೆ ಆಸ್ಪತ್ರೆ, ಅಭ್ಯಾಸಕ್ಕೆ ಮನೆ ಎಂಬ ಹಂಚಿಕೆ ಈ ಜೋಡಿ ನಗರಗಳಿಗೆ ಹೊಂದುತ್ತದೆ.

ಆರಂಭದ ಪರೀಕ್ಷೆ

ಮನೆಯ ಕಾರ್ಯಕ್ರಮ ಶುರುವಾಗುವುದು ಆಸ್ಪತ್ರೆಯಲ್ಲೇ. ಉಸಿರು ಊದಿಸಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯಿಂದ ರೋಗ ಯಾವುದು, ಎಷ್ಟು ತೀವ್ರ ಎಂಬುದು ತಿಳಿಯಬೇಕು. ಎದೆಯ ಎಕ್ಸ್‌ರೇ, ಇಸಿಜಿ ಮತ್ತು ಅಗತ್ಯವಿದ್ದರೆ ಕಫ ಪರೀಕ್ಷೆ ಆಗಬೇಕು. ಇತ್ತೀಚೆಗೆ ಹೃದಯಾಘಾತವಾದವರು, ವಿಶ್ರಾಂತಿಯಲ್ಲೂ ಎದೆನೋವು ಬರುವವರು, ಹೃದಯದ ಬಡಿತ ಹತೋಟಿಗೆ ಬಾರದವರು ಮತ್ತು ಸೋಂಕು ಹರಡುವ ಹಂತದ ಕ್ಷಯ ಇರುವವರನ್ನು ಆ ಸ್ಥಿತಿ ಸರಿಯಾಗುವವರೆಗೆ ವ್ಯಾಯಾಮಕ್ಕೆ ಸೇರಿಸುವುದಿಲ್ಲ. ನಡೆಯಲು ತಡೆಯಾಗುವ ಮಂಡಿನೋವು, ಬಿದ್ದುಬಿಡುವ ಭಯ, ಕಣ್ಣಿನ ಪೊರೆ ಇವನ್ನೂ ಕೇಳಿ ಬರೆದುಕೊಳ್ಳಬೇಕಾಗುತ್ತದೆ.

ಶಕ್ತಿಯ ಅಳತೆಗೆ ಆರು ನಿಮಿಷದ ನಡಿಗೆ ಪರೀಕ್ಷೆ ಹೆಚ್ಚು ಬಳಕೆಯಲ್ಲಿದೆ. ಮೂವತ್ತು ಮೀಟರ್ ಉದ್ದದ ಸಮತಟ್ಟಾದ ಓಣಿಯಲ್ಲಿ ರೋಗಿ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂಬುದನ್ನು ಅಳೆಯಲಾಗುತ್ತದೆ. ನಡುವೆ ನಿಲ್ಲಬಹುದು, ಗಡಿಯಾರ ನಿಲ್ಲುವುದಿಲ್ಲ. ಬೆರಳಿಗೆ ಹಾಕಿದ ಪಲ್ಸ್ ಆಕ್ಸಿಮೀಟರ್ ರಕ್ತದ ಆಮ್ಲಜನಕವನ್ನು ತೋರಿಸುತ್ತಿರುತ್ತದೆ. ತರಬೇತಿಯ ನಂತರ ಈ ದೂರ ಸುಮಾರು 30 ಮೀಟರ್ ಹೆಚ್ಚಿದರೆ ರೋಗಿಗೇ ಗೊತ್ತಾಗುವಂಥ ಸುಧಾರಣೆ ಎಂದು ಪರಿಗಣಿಸುತ್ತಾರೆ. ಇಕ್ಕಟ್ಟಾದ ಜಾಗದಲ್ಲಿ ಒಂದು ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಲು ಸಾಧ್ಯ ಎಂಬುದನ್ನು ಎಣಿಸುವ ಪರೀಕ್ಷೆ ಸಾಕಾಗುತ್ತದೆ.

ದಮ್ಮಿನ ಮಟ್ಟವನ್ನು ರೋಗಿಯ ಮಾತಿನಿಂದಲೇ ತಿಳಿಯುವ ಮಾಪಕಗಳೂ ಇವೆ. ಎಂಎಂಆರ್‌ಸಿ ಮಾಪಕದಲ್ಲಿ ಸೊನ್ನೆ ಎಂದರೆ ಕಠಿಣ ಶ್ರಮಕ್ಕೆ ಮಾತ್ರ ಏದುಸಿರು. ನಾಲ್ಕು ಎಂದರೆ ಬಟ್ಟೆ ಹಾಕಿಕೊಳ್ಳಲೂ ದಮ್ಮು. ಎಂಟು ಪ್ರಶ್ನೆಗಳ ಕ್ಯಾಟ್ ಪ್ರಶ್ನಾವಳಿಗೆ 0ರಿಂದ 40 ಅಂಕ. ಅಂಕ ಎರಡು ಇಳಿದರೆ ಸುಧಾರಣೆ ಎಂದು ಲೆಕ್ಕ. ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸಕ್ಕೆ ಬಂದು ನೆಲೆಸಿದ ತಮಿಳು, ತೆಲುಗು, ಮಲಯಾಳಂ ಮನೆಮಾತಿನ ಕುಟುಂಬಗಳಿವೆ. ಎರಡೂ ನಗರಗಳಲ್ಲಿ ಉರ್ದು ಮಾತನಾಡುವವರು ಬಹಳ. ಪ್ರಶ್ನೆಗಳನ್ನು ರೋಗಿಯ ಮನೆಮಾತಿನಲ್ಲಿ ಕೇಳದಿದ್ದರೆ ಅಂಕಗಳನ್ನು ನಂಬಲಾಗುವುದಿಲ್ಲ.

ವ್ಯಾಯಾಮ

ವಾಡಿಕೆಯ ಅವಧಿ ಎಂಟು ವಾರ, ಕೆಲವರಿಗೆ ಹನ್ನೆರಡು. ನಡಿಗೆಯೇ ಇದರ ಬೆನ್ನೆಲುಬು. ವಾರಕ್ಕೆ ಮೂರರಿಂದ ಐದು ದಿನ, ಒಂದು ಸರದಿಗೆ 20ರಿಂದ 30 ನಿಮಿಷ ಗುರಿ. ಶುರುವಿನಲ್ಲಿ ಐದೈದು ನಿಮಿಷದ ತುಂಡುಗಳಾಗಿ ಮಾಡಿದರೂ ಫಲವಿದೆ. ವೇಗವನ್ನು ಅಂದಾಜಿಗೆ ಬಿಡದೆ ಆರು ನಿಮಿಷದ ಪರೀಕ್ಷೆಯಿಂದ ಲೆಕ್ಕಹಾಕುತ್ತಾರೆ, ಸಾಮಾನ್ಯವಾಗಿ ಆ ವೇಗದ ಶೇ 80.

ಲೆಕ್ಕ ಹೀಗೆ ನಡೆಯುತ್ತದೆ. ಆರು ನಿಮಿಷದಲ್ಲಿ 300 ಮೀಟರ್ ನಡೆದವರ ವೇಗ ನಿಮಿಷಕ್ಕೆ 50 ಮೀಟರ್. ಅದರ ಶೇ 80 ಎಂದರೆ ನಿಮಿಷಕ್ಕೆ 40 ಮೀಟರ್, ಹದಿನೈದು ನಿಮಿಷಕ್ಕೆ 600 ಮೀಟರ್. ಮನೆಯ ತಾರಸಿ ಅಥವಾ ಅಂಗಳದಲ್ಲಿ ಹತ್ತು ಮೀಟರ್ ಅಳೆದು ಎರಡೂ ತುದಿಗೆ ಇಟ್ಟಿಗೆ ಇಟ್ಟರೆ, ಒಂದು ತುದಿಯಿಂದ ಇನ್ನೊಂದಕ್ಕೆ ಹದಿನೈದು ಸೆಕೆಂಡು. ಹೋಗಿ ಬಂದರೆ ಒಂದು ಸುತ್ತು. ಒಟ್ಟು ಮೂವತ್ತು ಸುತ್ತು. ಎಣಿಕೆ ತಪ್ಪದಿರಲು ಮೂವತ್ತು ಹುಣಸೆಬೀಜ ಒಂದು ಬಟ್ಟಲಲ್ಲಿ ಹಾಕಿಕೊಂಡು, ಸುತ್ತಿಗೊಂದರಂತೆ ಪಕ್ಕದ ಬಟ್ಟಲಿಗೆ ಹಾಕುತ್ತ ಹೋದರಾಯಿತು. ಬಟ್ಟಲು ಖಾಲಿಯಾದಾಗ ಅಂದಿನ ನಡಿಗೆ ಮುಗಿದಂತೆ. ತುದಿಯಲ್ಲಿ ತಿರುಗುವಾಗ ವೇಗ ತಗ್ಗುವುದರಿಂದ ಮನೆಯ ಸಣ್ಣ ಓಣಿಯ ದೂರವನ್ನು ಆಸ್ಪತ್ರೆಯ ಉದ್ದ ಓಣಿಯ ದೂರಕ್ಕೆ ನೇರವಾಗಿ ಹೋಲಿಸುವಂತಿಲ್ಲ.

ಶ್ರಮದ ಹದ ಹಿಡಿಯಲು ಸ್ವೀಡನ್‌ನ ಗುನ್ನಾರ್ ಬೋರ್ಗ್ ರೂಪಿಸಿದ ಸೊನ್ನೆಯಿಂದ ಹತ್ತರವರೆಗಿನ ಮಾಪಕ ಬಳಕೆಯಲ್ಲಿದೆ. ತರಬೇತಿಗೆ ನಾಲ್ಕರಿಂದ ಆರರ ಮಟ್ಟ ಬೇಕೆಂದು ತಜ್ಞರ ಸಲಹೆ. ಮನೆಯಲ್ಲಿ ಒಬ್ಬರೇ ಮಾಡುವವರು ಮೊದಲ ವಾರಗಳಲ್ಲಿ ಮೂರು ನಾಲ್ಕರಲ್ಲಿ ನಿಲ್ಲುವುದು ಕ್ಷೇಮ. ನಡೆಯುತ್ತ ಒಂದು ಪೂರ್ತಿ ವಾಕ್ಯ ಆಡಲಾಗಬೇಕು, ಆದರೆ ಹಾಡು ಹೇಳಲು ಆಗಬಾರದು. ಇದು ಅಂಕಿಗಳಿಲ್ಲದ ಅಳತೆ. ಒಂದು ವೇಗ ಹಗುರವೆನಿಸಿದರೆ ಮೊದಲು ಸಮಯವನ್ನೂ ಆಮೇಲೆ ವೇಗವನ್ನೂ ಏರಿಸಬೇಕು.

ವಾರಕ್ಕೆ ಎರಡು ಮೂರು ದಿನ ಸ್ನಾಯುಬಲದ ವ್ಯಾಯಾಮ ಸೇರುತ್ತದೆ. ಗೋಡೆಗೆ ಒರಗಿಸಿದ ಕುರ್ಚಿಯಿಂದ ಕೈ ಊರದೆ ಏಳುವುದು ತೊಡೆಗೆ ಅತ್ಯುತ್ತಮ. ಒಂದು ಲೀಟರ್ ನೀರು ತುಂಬಿದ ಬಾಟಲಿ ಒಂದು ಕಿಲೋ ತೂಗುವುದರಿಂದ ತೋಳಿನ ವ್ಯಾಯಾಮಕ್ಕೆ ಬೇರೆ ಸಲಕರಣೆ ಬೇಡ. ಮೆಟ್ಟಿಲಿನ ಮೊದಲ ಹಂತಕ್ಕೆ ಹತ್ತಿ ಇಳಿಯುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು ಉಳಿದವು. ಪ್ರತಿಯೊಂದೂ ಎಂಟರಿಂದ ಹನ್ನೆರಡು ಸಲ, ಎರಡು ಮೂರು ಸರದಿ. ಶ್ರಮ ಬೀಳುವ ಗಳಿಗೆಯಲ್ಲಿ ಉಸಿರು ಹೊರಬಿಡಬೇಕು, ಬಿಗಿಹಿಡಿಯಬಾರದು.

ಉಸಿರಾಟ ಮತ್ತು ಕಫ

‘ತುಟಿಯುಸಿರು’ ಎಂಬ ವಿಧಾನ ಮೊದಲ ದಿನವೇ ಕಲಿಸುವ ಪಾಠ. ಮೂಗಿನಿಂದ ಉಸಿರು ಎಳೆದು, ಸೀಟಿ ಹೊಡೆಯುವಂತೆ ತುಟಿ ಚೂಪಾಗಿಸಿ, ಎಳೆದುಕೊಂಡ ಸಮಯದ ಎರಡರಷ್ಟು ಹೊತ್ತು ನಿಧಾನವಾಗಿ ಬಿಡುವುದು. ಇದರಿಂದ ಕೊಳವೆಗಳೊಳಗೆ ಸ್ವಲ್ಪ ಒತ್ತಡ ಉಳಿದು ಅವು ಬೇಗ ಮುಚ್ಚಿಕೊಳ್ಳುವುದಿಲ್ಲ; ಸಿಕ್ಕಿಕೊಂಡ ಗಾಳಿ ಹೊರಬೀಳುತ್ತದೆ. ದಮ್ಮು ಏರಿದಾಗ ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೋ ಜಗಲಿಕಟ್ಟೆಯ ಮೇಲೋ ಊರಿ ನಿಂತರೆ ಭುಜದ ಸ್ನಾಯುಗಳು ಉಸಿರಾಟಕ್ಕೆ ನೆರವಾಗುತ್ತವೆ.

ಯೋಗಾಭ್ಯಾಸ ಈ ಭಾಗದಲ್ಲಿ ಜನಪ್ರಿಯವಾಗಿರುವುದರಿಂದ ಪ್ರಾಣಾಯಾಮ ಮಾಡಬಹುದೇ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ನಿಧಾನವಾದ, ದೀರ್ಘ ರೇಚಕದ ಉಸಿರಾಟ ತುಟಿಯುಸಿರಿನ ಜೊತೆಗೆ ಹೊಂದಿಕೊಳ್ಳುತ್ತದೆ. ಉಸಿರು ಬಿಗಿಹಿಡಿಯುವ ಕುಂಭಕವೂ ಕಪಾಲಭಾತಿ, ಭಸ್ತ್ರಿಕಗಳಂಥ ರಭಸದ ಕ್ರಿಯೆಗಳೂ ಗಾಳಿ ಸಿಕ್ಕಿಕೊಂಡ ಶ್ವಾಸಕೋಶಕ್ಕೆ ಹೊಂದುವುದಿಲ್ಲ. ಯಾವ ಪ್ರಾಣಾಯಾಮವೂ ನಡಿಗೆಯ ಬದಲಿಗೆ ನಿಲ್ಲುವುದಿಲ್ಲ, ಏಕೆಂದರೆ ಅದು ಕಾಲಿನ ಸ್ನಾಯುಗಳನ್ನು ಮುಟ್ಟುವುದಿಲ್ಲ.

ಬ್ರಾಂಕಿಯೆಕ್ಟಾಸಿಸ್ ಮತ್ತು ಹಳೆಯ ಕ್ಷಯದ ರೋಗಿಗಳಿಗೆ ಕಫ ತೆಗೆಯುವುದೇ ಮುಖ್ಯ ಕೆಲಸ. ಕೆಲವು ಸಹಜ ಉಸಿರು, ನಂತರ ಮೂರು ನಾಲ್ಕು ಆಳವಾದ ಉಸಿರು, ಕೊನೆಗೆ ಬಾಯಿ ತೆರೆದು ಕನ್ನಡಿಗೆ ಆವಿ ಊದಿದಂತೆ ‘ಹಾ’ ಎಂದು ರಭಸವಾಗಿ ಬಿಡುವ ಉಸಿರು; ಈ ಚಕ್ರವನ್ನು ಕಫ ಮೇಲೆ ಬರುವವರೆಗೆ ಮಾಡಬೇಕು. ಬೆಳಿಗ್ಗೆ ಎದ್ದ ಮೇಲೆ ಮತ್ತು ಊಟಕ್ಕೆ ಮುಂಚೆ ಇದಕ್ಕೆ ಒಳ್ಳೆಯ ಹೊತ್ತು. ಕಫದಲ್ಲಿ ರಕ್ತ ಕಂಡರೆ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ದಿನಚರಿ, ಔಷಧ, ಆಹಾರ

ಕುಕ್ಕರಗಾಲಿನಲ್ಲಿ ಕೂರುವುದು ದಮ್ಮಿನ ರೋಗಿಗೆ ಕಷ್ಟ, ಏಕೆಂದರೆ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ದೇಸಿ ಶೌಚಾಲಯ, ಬಟ್ಟೆ ಒಗೆಯುವ ಕಲ್ಲು, ನೆಲ ಸಾರಿಸುವುದು, ರಂಗೋಲಿ ಹಾಕುವುದು ಎಲ್ಲದರಲ್ಲೂ ಇದೇ ಭಂಗಿ. ಕಮೋಡ್ ಕುರ್ಚಿ, ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲು, ಉದ್ದ ಹಿಡಿಯ ಪೊರಕೆ ಮತ್ತು ನಿಂತೇ ಒರೆಸುವ ಮಾಪು ಕಡಿಮೆ ಖರ್ಚಿನಲ್ಲಿ ದಿನದ ಶಕ್ತಿಯನ್ನು ಉಳಿಸುತ್ತವೆ. ಹಂಡೆ ಒಲೆಗೆ ಬದಲಾಗಿ ಗೀಸರ್ ಅಥವಾ ಸೋಲಾರ್ ಬಂದರೆ ಒಳ್ಳೆಯದು. ಆಗದಿದ್ದರೆ ಒಲೆಯನ್ನು ಹೊರಗೋಡೆಯ ಕಡೆಗೆ ತಿರುಗಿಸಿ ಹೊಗೆಕೊಳವೆ ಇಡಿಸುವುದು, ನೀರು ಕಾಯಿಸುವ ಹೊತ್ತಿನಲ್ಲಿ ರೋಗಿಯನ್ನು ಆ ಕಡೆ ಬಿಡದಿರುವುದು ಮನೆಯವರ ಹೊಣೆ.

ತಂಬಾಕು ಬಿಡದೆ ಮಾಡುವ ಪುನಶ್ಚೇತನದ ಲಾಭ ಬೇಗ ಕರಗಿಹೋಗುತ್ತದೆ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಒಂದು ಕೇಂದ್ರ.

ಜನರು ‘ಪಂಪು’ ಎನ್ನುವ ಇನ್‌ಹೇಲರ್ ಬಗೆಗಿನ ಹಿಂಜರಿಕೆ ಇನ್ನೂ ಇದೆ. ಒಮ್ಮೆ ಹಿಡಿದರೆ ಬಿಡಲಾಗದು, ಅದು ಕಡೆಯ ಔಷಧ ಎಂಬ ಮಾತುಗಳಿಗೆ ಆಧಾರವಿಲ್ಲ. ಮಾತ್ರೆಗಿಂತ ಬಹಳ ಕಡಿಮೆ ಪ್ರಮಾಣದ ಔಷಧ ನೇರವಾಗಿ ಕೊಳವೆಗಳಿಗೆ ತಲುಪುವುದು ಅದರ ಗುಣ. ತಪ್ಪಾಗಿ ಎಳೆದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಆದ್ದರಿಂದ ಮನೆಭೇಟಿಯಲ್ಲಿ ರೋಗಿ ತಾವೇ ಪಂಪು ಎಳೆದು ತೋರಿಸಬೇಕು: ಮೊದಲು ಉಸಿರು ಪೂರ್ತಿ ಬಿಟ್ಟು, ಪಂಪಿಗೆ ಜೋಡಿಸುವ ಸ್ಪೇಸರ್ ಕೊಳವೆಯ ಮೂಲಕ ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿದು ಬಿಡುವುದು. ಪುಡಿ ತುಂಬಿದ ರೋಟಾಹೇಲರ್ ಆದರೆ ರಭಸವಾಗಿ ಎಳೆಯಬೇಕು. ಸ್ಟಿರಾಯ್ಡ್ ಇರುವ ಪಂಪಿನ ನಂತರ ಬಾಯಿ ಮುಕ್ಕಳಿಸಬೇಕು.

ಸಿಒಪಿಡಿಯಲ್ಲಿ ಉಸಿರಾಟಕ್ಕೇ ಹೆಚ್ಚು ಶಕ್ತಿ ವ್ಯಯವಾಗಿ ದೇಹ ಸೊರಗುತ್ತದೆ. ಹೊಟ್ಟೆ ತುಂಬ ಒಮ್ಮೆಲೇ ಉಂಡರೆ ದಮ್ಮು ಹೆಚ್ಚುವುದರಿಂದ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನುವುದು ವಾಸಿ. ಅಕ್ಕಿರೊಟ್ಟಿ, ಗಂಜಿ ಹೆಚ್ಚಿರುವ ಊಟಕ್ಕೆ ಹೆಸರುಕಾಳು, ಹುರುಳಿ, ಕಡಲೆಕಾಯಿ, ಮೊಸರು, ತಿನ್ನುವವರಿಗೆ ಮೊಟ್ಟೆ ಮತ್ತು ಮೀನು ಸೇರಿದರೆ ಸ್ನಾಯು ಕಟ್ಟಲು ಬೇಕಾದ ಪ್ರೊಟೀನು ಸಿಗುತ್ತದೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಮತ್ತು ವೈದ್ಯರ ಸಲಹೆಯಂತೆ ನ್ಯುಮೋಕಾಕಲ್ ಲಸಿಕೆ ಆರೈಕೆಯ ಭಾಗ.

ಮನೆಯಲ್ಲಿ ಆಮ್ಲಜನಕ

ವಿಶ್ರಾಂತಿಯಲ್ಲಿ ರಕ್ತದ ಆಮ್ಲಜನಕದ ಪ್ರಮಾಣ ಶೇ 88 ಅಥವಾ ಅದಕ್ಕಿಂತ ಕೆಳಗೆ ನಿಂತವರಿಗೆ ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಕೊಡುವುದುಂಟು. ಮನೆಗೆ ಕಾನ್ಸಂಟ್ರೇಟರ್ ಯಂತ್ರ ಅನುಕೂಲ, ಆದರೆ ಅದು ನಡೆಯುವುದು ವಿದ್ಯುತ್ತಿನಿಂದ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಮೆಸ್ಕಾಂ ಲೈನು ಹೋದಾಗ ತೊಂದರೆಯಾಗದಂತೆ ಒಂದು ಸಿಲಿಂಡರ್ ಇಟ್ಟುಕೊಂಡಿರಬೇಕು. ಸೌದೆ ಒಲೆ, ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಇವುಗಳಿಂದ ಯಂತ್ರ ಮತ್ತು ನಳಿಕೆ ದೂರವಿರಬೇಕು. ಹರಿವಿನ ಪ್ರಮಾಣವನ್ನು ರೋಗಿ ತಾನೇ ಏರಿಸಬಾರದು. ಸಿಒಪಿಡಿಯಲ್ಲಿ ಅತಿಯಾದ ಆಮ್ಲಜನಕದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಮಂಪರು ಕವಿಯಬಹುದು.

ಋತುಮಾನ ಮತ್ತು ಎಚ್ಚರ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಿಂದಾಗಿ ಹೊರಗಿನ ನಡಿಗೆ ನಿಲ್ಲುತ್ತದೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ನೆಗಡಿ ಜ್ವರ ಹೆಚ್ಚುತ್ತವೆ. ಆಗ ಪಡಸಾಲೆಯ ಐದು ಮೀಟರ್ ಜಾಗ ಅಥವಾ ನಿಂತಲ್ಲೇ ಹೆಜ್ಜೆ ಹಾಕುವುದು ಸಾಕಾಗುತ್ತದೆ. ಡಿಸೆಂಬರ್–ಜನವರಿಯ ಬೆಳಗಿನ ಮಂಜಿನಲ್ಲಿ ಹೊಗೆ ಕೆಳಗೇ ನಿಲ್ಲುವುದರಿಂದ ಬಿಸಿಲೇರಿದ ಮೇಲೆ ನಡೆಯುವುದು ಸರಿ. ಶಿವಮೊಗ್ಗದ ಗಾಂಧಿ ಪಾರ್ಕ್‌ನಂಥ ಸಮತಟ್ಟಾದ, ಕೂರಲು ಬೆಂಚು ಇರುವ ಜಾಗಗಳು ಉಳಿದ ತಿಂಗಳುಗಳಲ್ಲಿ ಒಳ್ಳೆಯವು.

ನಡೆಯುವಾಗ ಆಕ್ಸಿಮೀಟರ್ ಶೇ 88ಕ್ಕಿಂತ ಕೆಳಗೆ ತೋರಿಸಿದರೆ ನಿಂತು ಸುಧಾರಿಸಿಕೊಳ್ಳಬೇಕು. ಪದೇ ಪದೇ ಹಾಗಾದರೆ ಯೋಜನೆಯನ್ನೇ ಬದಲಿಸಬೇಕು. ಶ್ವಾಸಕೋಶ ಗಟ್ಟಿಯಾದ ರೋಗಿಗಳಲ್ಲಿ ಈ ಇಳಿತ ಬೇಗ ಆಗುತ್ತದೆ. ಬೆರಳು ತಣ್ಣಗಿದ್ದರೆ ಅಥವಾ ಉಗುರುಬಣ್ಣ ಇದ್ದರೆ ಅಂಕಿ ತಪ್ಪಬಹುದು. ಎದೆನೋವು, ತಲೆಸುತ್ತು, ಬೆವರು ಕಂಡರೆ ಅಂದಿನ ವ್ಯಾಯಾಮ ಅಲ್ಲಿಗೇ ನಿಲ್ಲಬೇಕು. ಕಫದ ಪ್ರಮಾಣ ಹೆಚ್ಚಿ ಹಳದಿ ಹಸಿರಿಗೆ ತಿರುಗುವುದು, ದಮ್ಮು ಎಂದಿಗಿಂತ ಏರುವುದು, ಪಂಪು ಹೆಚ್ಚು ಸಲ ಬೇಕಾಗುವುದು ರೋಗ ಉಲ್ಬಣದ ಲಕ್ಷಣ. ತುಟಿ ನೀಲಿಯಾಗುವುದು, ಮಾತು ತೊದಲಿ ಮಂಕಾಗುವುದು ಕಂಡರೆ 108ಕ್ಕೆ ಕರೆಮಾಡಬೇಕು. ಉಲ್ಬಣ ಕಳೆದು ಆಸ್ಪತ್ರೆಯಿಂದ ಮನೆಗೆ ಬಂದ ವಾರಗಳಲ್ಲಿ ಪುನಶ್ಚೇತನವನ್ನು ಮತ್ತೆ ಶುರುಮಾಡುವುದು ಹೆಚ್ಚು ಫಲಕಾರಿ.

ಫಲಿತಾಂಶದ ಪುರಾವೆ

ಸಿಒಪಿಡಿಯಲ್ಲಿ ಪುನಶ್ಚೇತನದ ಲಾಭವನ್ನು 65 ಪ್ರಯೋಗಗಳ 3,822 ರೋಗಿಗಳ ಮಾಹಿತಿ ಒಟ್ಟುಗೂಡಿಸಿದ 2015ರ ಕಾಕ್ರನ್ ವಿಮರ್ಶೆ ಖಚಿತಪಡಿಸಿತು. ಆರು ನಿಮಿಷದ ನಡಿಗೆ ಸರಾಸರಿ 44 ಮೀಟರ್‌ನಷ್ಟು ಹೆಚ್ಚಿತ್ತು. ಮನೆಯಲ್ಲಿ ಮಾಡಿದರೂ ಅಷ್ಟೇ ಫಲವೇ ಎಂಬುದನ್ನು ಕೆನಡಾದಲ್ಲಿ 252 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗ ಪರೀಕ್ಷಿಸಿತು; ದಮ್ಮಿನ ಸುಧಾರಣೆಯಲ್ಲಿ ಮನೆಯ ಗುಂಪು ಆಸ್ಪತ್ರೆಯ ಗುಂಪಿಗಿಂತ ಹಿಂದೆ ಬೀಳಲಿಲ್ಲ. ಶಿವಮೊಗ್ಗ–ಭದ್ರಾವತಿಯಂಥ ಊರುಗಳಿಗೆ ಹೆಚ್ಚು ಹತ್ತಿರದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 166 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ. ಅಲ್ಲಿ ಮನೆಯ ಗುಂಪಿಗೆ ಸಿಕ್ಕಿದ್ದು ಒಂದು ಮನೆಭೇಟಿ ಮತ್ತು ವಾರಕ್ಕೊಂದರಂತೆ ಏಳು ಫೋನ್ ಕರೆ. ಎಂಟು ವಾರದ ಕೊನೆಯಲ್ಲಿ ನಡಿಗೆಯ ದೂರದಲ್ಲಿ ಅವರು ಆಸ್ಪತ್ರೆಯ ಗುಂಪಿಗೆ ಕಡಿಮೆಯಿರಲಿಲ್ಲ. ಕಾರ್ಯಕ್ರಮ ಪೂರೈಸಿದವರು ಮನೆಯ ಗುಂಪಿನಲ್ಲಿ ಶೇ 91, ಆಸ್ಪತ್ರೆಯ ಗುಂಪಿನಲ್ಲಿ ಶೇ 49. ಆದರೆ ಒಂದು ವರ್ಷದ ಹೊತ್ತಿಗೆ ಎರಡೂ ಗುಂಪುಗಳಲ್ಲಿ ಗಳಿಕೆ ಹೆಚ್ಚುಕಡಿಮೆ ಕರಗಿಹೋಗಿತ್ತು.

ದೂರದಿಂದ ಫೋನ್ ಮತ್ತು ವೀಡಿಯೊ ಮೂಲಕ ನಡೆಸುವ ಪುನಶ್ಚೇತನದ 15 ಅಧ್ಯಯನಗಳನ್ನು ಸೇರಿಸಿದ 2021ರ ಕಾಕ್ರನ್ ವಿಮರ್ಶೆಯೂ ಇದೇ ದಿಕ್ಕಿನ ತೀರ್ಮಾನಕ್ಕೆ ಬಂದಿತು. ಅಮೆರಿಕದ ಶ್ವಾಸಕೋಶ ತಜ್ಞರ ಸಂಘದ 2023ರ ಮಾರ್ಗಸೂಚಿ ಕೇಂದ್ರ ಅಥವಾ ದೂರ ವಿಧಾನ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ರೋಗಿಗಿರಲಿ ಎಂದಿದೆ.

ಮಿತಿಗಳು ಮತ್ತು ಮುಂದುವರಿಕೆ

ಮನೆಯ ವಿಧಾನ ಎಲ್ಲರಿಗೂ ಒಗ್ಗುವುದಿಲ್ಲ. ಹೃದ್ರೋಗವೂ ಇರುವವರು, ನಡೆದರೆ ಆಮ್ಲಜನಕ ಬಹಳ ಕುಸಿಯುವವರು, ಬೀಳುವ ಅಪಾಯ ಹೆಚ್ಚಿರುವವರು ಕನಿಷ್ಠ ಮೊದಲ ವಾರಗಳನ್ನು ಆಸ್ಪತ್ರೆಯ ನಿಗಾದಲ್ಲಿ ಕಳೆಯಬೇಕು. ಒಬ್ಬರೇ ಇರುವ ವೃದ್ಧರಿಗೆ, ಒಂದೇ ಕೋಣೆಯ ಮನೆಗಳಿಗೆ ಯೋಜನೆಯನ್ನು ಬೇರೆಯಾಗಿ ಹೆಣೆಯಬೇಕಾಗುತ್ತದೆ. ಇತರ ರೋಗಿಗಳ ಜೊತೆ ಬೆರೆತು ಸಿಗುವ ಧೈರ್ಯ ಮನೆಯಲ್ಲಿ ಸಿಗದು. ಅದಕ್ಕಾಗಿ ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಗುಂಪಾಗಿ ಸೇರಿಸುವ ಕ್ರಮವೂ ಕೆಲವೆಡೆ ಇದೆ.

ವಾರದ ಫೋನ್ ಕರೆಯೇ ಈ ಪದ್ಧತಿಯ ಜೀವ. ವ್ಯಾಯಾಮದ ಹಾಳೆ ಕೊಟ್ಟು ಕಳಿಸುವುದನ್ನು ಪುನಶ್ಚೇತನ ಎನ್ನಲಾಗುವುದಿಲ್ಲ. ಎಷ್ಟು ಸುತ್ತು ನಡೆದಿರಿ, ಎಲ್ಲಿ ನಿಂತಿರಿ, ಮುಂದಿನ ವಾರ ಎಷ್ಟು ಎಂದು ಫಿಸಿಯೋಥೆರಪಿಸ್ಟ್ ಅಥವಾ ತರಬೇತಿ ಪಡೆದ ದಾದಿ ಕೇಳಿದಾಗಲೇ ಲೆಕ್ಕ ಮುಂದೆ ಸಾಗುತ್ತದೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸಿಒಪಿಡಿ ಸೇರಿದೆ. ಮೂವತ್ತು ದಾಟಿದವರ ಮಾಹಿತಿ ಬರೆದುಕೊಳ್ಳುವ ಆಶಾ ಕಾರ್ಯಕರ್ತೆಯರ ನಮೂನೆಯಲ್ಲಿ ಬೀಡಿ ಸಿಗರೇಟು, ಉಸಿರಾಟದ ತೊಂದರೆ, ಅಡುಗೆ ಇಂಧನ ಕುರಿತ ಪ್ರಶ್ನೆಗಳಿವೆ. ಮನೆ ಮನೆಗೆ ಹೋಗುವ ಈ ಜಾಲ, ಸ್ಪೈರೋಮೆಟ್ರಿ ಇರುವ ಬೋಧನಾ ಆಸ್ಪತ್ರೆ ಮತ್ತು ಫೋನ್ ಕರೆ ಮೂರೂ ಒಂದಕ್ಕೊಂದು ಕೂಡಿಕೊಂಡರೆ ಹೊಸ ಕಟ್ಟಡವಿಲ್ಲದೆ ಕಾರ್ಯಕ್ರಮ ನಡೆಸಲು ಬೇಕಾದ ಅಂಗಗಳು ಸಿದ್ಧವಾದಂತೆ.

ಎಂಟು ವಾರದ ಕೊನೆಗೆ ಆರಂಭದ ಪರೀಕ್ಷೆಗಳನ್ನೇ ಮತ್ತೆ ಮಾಡಿ ಅಂಕಿಗಳನ್ನು ರೋಗಿಗೆ ತೋರಿಸಲಾಗುತ್ತದೆ. ಅಭ್ಯಾಸ ನಿಂತರೆ ಗಳಿಸಿದ ಬಲ ಆರರಿಂದ ಹನ್ನೆರಡು ತಿಂಗಳಲ್ಲಿ ಕುಂದುತ್ತದೆ. ಹಾಗಾಗಿ ನಡಿಗೆ ಜೀವನವಿಡೀ ಮುಂದುವರಿಯಬೇಕು. ವರ್ಷಕ್ಕೊಮ್ಮೆ ಅಥವಾ ಪ್ರತಿ ಉಲ್ಬಣದ ನಂತರ ಮರುತರಬೇತಿ ಕೊಡುವುದು ರೂಢಿಯ ಸಲಹೆ.